ನಲವತ್ತು ಸೆಷನ್ ಆದ ಮೇಲೆ ಏನು ಉಳಿಯಿತು

ಎಂಟು ವರ್ಷದ ಮಗಳಿಗೆ ಎಡಿಎಚ್‌ಡಿ (ಗಮನ ನಿಲ್ಲದ, ಸುಮ್ಮನೆ ಕೂರಲಾಗದ ತೊಂದರೆ), ನ್ಯೂರೋಫೀಡ್‌ಬ್ಯಾಕ್ ಅನ್ನುವ ಮಿದುಳಿನ ಅಲೆಗಳ ಟ್ರೈನಿಂಗ್ ಮಾಡಿಸಿದರೆ ಲಾಭ ಎಷ್ಟು ವರ್ಷ ಉಳಿಯುತ್ತದೆ ಅಂತ ಕೇಳಿದ್ದೀರಿ. ನಾನೂ ಇದನ್ನೇ ಕೇಳಿದ್ದೆ. ಯಾರನ್ನು ಕೇಳಬಾರದೋ ಅವರನ್ನೇ, ಅಂದರೆ ಸೆಂಟರ್‌ನವರನ್ನು. "ಸೈಕಲ್ ಕಲಿತ ಹಾಗೆ ಮೇಡಂ, ಮರೆಯೋದೇ ಇಲ್ಲ" ಅಂದರು.

ಮಗನಿಗೆ ಆಗ ಒಂಬತ್ತು. 2018ರ ಜೂನ್‌ನಲ್ಲಿ ಶುರು ಮಾಡಿದೆವು. ವಾರಕ್ಕೆ ಎರಡು, ಒಟ್ಟು ನಲವತ್ತು ಸೆಷನ್. ತಲೆಗೆ ಎಲೆಕ್ಟ್ರೋಡ್ ಅಂಟಿಸಿ ಕಂಪ್ಯೂಟರ್ ಮುಂದೆ ಕೂರಿಸುತ್ತಿದ್ದರು. ಮಿದುಳಿನ ನಿಧಾನದ ಅಲೆ, ಅಂದರೆ ಥೀಟಾ, ಇಳಿದು ವೇಗದ ಅಲೆ ಬೀಟಾ ಏರಿದರೆ ಪರದೆ ಮೇಲಿನ ಕಾರು ಓಡುತ್ತದೆ, ಇಲ್ಲದಿದ್ದರೆ ನಿಲ್ಲುತ್ತದೆ. ಎಣ್ಣೆ ಇದ್ದರೆ ಸಿಗ್ನಲ್ ಸರಿ ಬರಲ್ಲ ಅಂತ ತಲೆಗೆ ಎಣ್ಣೆ ಬಂದ್. ನಮ್ಮ ಅತ್ತೆಗೆ ಅದೊಂದೇ ಕೊರಗು.

ಗುಣ ಕಾಣಿಸಿತು, ಸುಳ್ಳು ಹೇಳಲ್ಲ. ದಸರಾ ಹೊತ್ತಿಗೆ ಒಂದು ಪುಟ ಹೋಂವರ್ಕನ್ನು ಎದ್ದು ಓಡದೆ ಮುಗಿಸುತ್ತಿದ್ದ. ನವೆಂಬರ್‌ನಲ್ಲಿ ಸೆಷನ್ ಮುಗಿದವು. ಫೆಬ್ರವರಿಗೆ ಸ್ಕೂಲ್ ಡೈರಿಯಲ್ಲಿ ಮತ್ತೆ ಕೆಂಪು ಇಂಕು.

ನಾನು ಎಡವಿದ್ದು ಇಲ್ಲೇ. ಟ್ರೈನಿಂಗ್ ಪವರ್ ಇಳಿದಿದೆ ಅಂದುಕೊಂಡು, ಮೊಬೈಲ್ ರೀಚಾರ್ಜ್ ಮಾಡಿಸಿದ ಹಾಗೆ ಇನ್ನಿಪ್ಪತ್ತು ಸೆಷನ್‌ಗೆ ಮೂವತ್ತು ಸಾವಿರ ಕಟ್ಟಿದೆ. ಸೆಂಟರ್‌ನ ಥೀಟಾ ಗ್ರಾಫ್ ಮತ್ತೆ ಚೆನ್ನಾಗಿ ಇಳಿಯಿತು. ನೋಟ್‌ಬುಕ್ ಮಾತ್ರ ಹಾಗೇ ಇತ್ತು. ಮೊದಲ ಸಲ ಬದಲಾಗಿದ್ದು ಬರೀ ಅಲೆಗಳಲ್ಲ ಅಲ್ವಾ! ನಿದ್ದೆ ಕೆಟ್ಟರೆ ಸೆಷನ್ ದಂಡ ಅಂತ ದಿನಾ ಒಂಬತ್ತೂವರೆಗೆ ಮಲಗಿಸುತ್ತಿದ್ದೆವು. ಟ್ಯೂಷನ್ ಬಿಡಿಸಿದ್ದೆವು. ಬನಶಂಕರಿಯಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಇಳಿದು ಬದಲಿಸಿ ಹೋಗುವಾಗ ನನ್ನ ಫೋನ್ ಬ್ಯಾಗಿನಲ್ಲೇ ಇರುತ್ತಿತ್ತು, ದಾರಿಯುದ್ದಕ್ಕೂ ಅವನದೇ ಮಾತು. ನಾನು ಬೈಯುವುದೂ ಕಡಿಮೆಯಾಗಿತ್ತು. ಹೇಗೂ ಟ್ರೈನಿಂಗ್ ನಡೆಯುತ್ತಿದೆ, ಸರಿಹೋಗುತ್ತಾನೆ ಅನ್ನುವ ಧೈರ್ಯ. ಸೆಷನ್ ಮುಗಿದ ವಾರವೇ ಟ್ಯೂಷನ್ ಶುರು, ಮಲಗುವುದು ಹನ್ನೊಂದಕ್ಕೆ, ಬೈಗುಳ ಮಾಮೂಲು. ಎರಡನೇ ಸಲ ಅವನನ್ನು ಟ್ಯೂಷನ್‌ನಿಂದ ಎತ್ತಿಕೊಂಡು ಕ್ಯಾಬ್‌ನಲ್ಲಿ ಕರೆದೊಯ್ಯುತ್ತಿದ್ದೆ, ನಾನು ಆಫೀಸ್ ಕಾಲ್‌ನಲ್ಲಿ. ಮಿಕ್ಕಿದ್ದೆಲ್ಲ ಕಿತ್ತುಹಾಕಿ ಮೆಷಿನ್‌ಗೆ ಮಾತ್ರ ದುಡ್ಡು ಸುರಿದಿದ್ದೆ.

ಅದಕ್ಕೇ ನಿಮ್ಮ ಪ್ರಶ್ನೆಯೇ ನನಗೆ ಸರಿ ಕಾಣಲ್ಲ. ಲಾಭ ಎಷ್ಟು ವರ್ಷ ಅನ್ನೋದಕ್ಕಿಂತ ಅದು ಯಾವುದರಿಂದ ಬಂತು ಅಂತ ಮೊದಲು ಕೇಳಬೇಕು. ನಾವು ದುಡ್ಡು ಕಟ್ಟಿದ ಮೇಲೆ, 2020ರಲ್ಲಿ, ನ್ಯೂರೋಫೀಡ್‌ಬ್ಯಾಕ್ ಮೇಲೆ ಅಮೆರಿಕದಲ್ಲಿ ನಡೆದ ಒಂದು ಅಧ್ಯಯನದ ಫಲಿತಾಂಶ ಬಂತು. ಎಡಿಎಚ್‌ಡಿ ಇರುವ, 7ರಿಂದ 10 ವರ್ಷದ 144 ಮಕ್ಕಳು. ಕೆಲವರಿಗೆ ನಿಜವಾದ ಟ್ರೈನಿಂಗ್, ಉಳಿದವರಿಗೆ ಮೊದಲೇ ರೆಕಾರ್ಡ್ ಮಾಡಿಟ್ಟ ಅಲೆಗಳಿಂದ ಓಡುವ ಸುಳ್ಳು ಆಟ. ಯಾರಿಗೆ ಯಾವುದು ಅಂತ ಮಕ್ಕಳಿಗೂ ಗೊತ್ತಿಲ್ಲ, ಅಪ್ಪ ಅಮ್ಮಂದಿರಿಗೂ ಗೊತ್ತಿಲ್ಲ. ಎರಡೂ ಗುಂಪಿನ ಗಮನ ಸುಧಾರಿಸಿತು, 13 ತಿಂಗಳ ನಂತರವೂ ಉಳಿದಿತ್ತು. ಎರಡರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಸುಳ್ಳು ಆಟದ ಲಾಭವೂ ವರ್ಷ ದಾಟಿತು ನೋಡಿ! ನಿಜವಾದ ಟ್ರೈನಿಂಗ್ ಪಡೆದವರಿಗೆ ಆಮೇಲೆ ಔಷಧಿ ಕಡಿಮೆ ಸಾಕಾಯಿತು, ಅದನ್ನೂ ಹೇಳಬೇಕು. 2024ರ ಕೊನೆಗೆ ನ್ಯೂರೋಫೀಡ್‌ಬ್ಯಾಕ್ ಮೇಲಿನ 38 ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದರು. ಯಾರಿಗೆ ಏನು ಕೊಟ್ಟಿದ್ದಾರೆ ಅಂತ ಗೊತ್ತಿಲ್ಲದವರು ಅಂಕ ಹಾಕಿದಾಗ ಲಕ್ಷಣಗಳಲ್ಲಿ ಗಮನಿಸುವಂಥ ಲಾಭ ಕಾಣಲಿಲ್ಲ.

ಮಗ ಈಗ ಪಿಯುಸಿ. ಡಾಕ್ಟರ್ ಕೊಟ್ಟ ಮಾತ್ರೆ ತೆಗೆದುಕೊಳ್ಳುತ್ತಾನೆ. ಟ್ಯೂಷನ್ ಇಲ್ಲ, ಮಲಗುವುದು ಹತ್ತಕ್ಕೆ. ತಲೆಗೆ ಎಣ್ಣೆ ವಾಪಸ್ ಬಂದಿದೆ, ಅತ್ತೆ ಗೆದ್ದರು.

ಮಾಡಿಸಲೇಬೇಕು ಅನಿಸಿದರೆ ಮಾಡಿಸಿ. ಮಾತ್ರೆ ನಡೆಯುತ್ತಿದ್ದರೆ ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ. ಮೊದಲ ಸೆಷನ್‌ಗೂ ಮುಂಚೆ ಕ್ಲಾಸ್ ಟೀಚರ್ ಹತ್ತಿರ ರೇಟಿಂಗ್ ಫಾರ್ಮ್ (ಮಗುವಿನ ಲಕ್ಷಣಗಳಿಗೆ ಅಂಕ ಹಾಕುವ ಫಾರ್ಮ್) ತುಂಬಿಸಿ. ಎಲ್ಲ ಮುಗಿದ ಆರು ತಿಂಗಳಿಗೆ ಅದೇ ಫಾರ್ಮ್ ಮತ್ತೆ ತುಂಬಿಸಿ. ಟ್ರೈನಿಂಗ್ ವಿಷಯ ಮಾತ್ರ ಅಲ್ಲಿಯವರೆಗೆ ಟೀಚರ್ ಕಿವಿಗೆ ಹಾಕಬೇಡಿ.