ಆ ಅಲುಗಾಡುವ ಹಲ್ಲನ್ನು ಈಗ ಕೀಳಿಸಬೇಡಿ

ನಿಮ್ಮ ತಂಗಿಯ ಮಗಳಿಗೆ 16 ವರ್ಷ, ಕೆಳದವಡೆ ಒಂದು ಕಡೆ ಊದಿದೆ, ದವಡೆ ಹಲ್ಲೊಂದು ಅಲುಗಾಡುತ್ತಿದೆ, ಅದರ ಬುಡದಿಂದ ಆಗಾಗ ರಕ್ತ ಬರುತ್ತಿದೆ. ಒಬ್ಬ ವೈದ್ಯರು ಹಲ್ಲು ಕೀಳೋಣ ಅಂದರು, ಇನ್ನೊಬ್ಬರು ಮುಟ್ಟಬೇಡಿ, ಮೊದಲು ಆಂಜಿಯೋಗ್ರಾಂ, ಅಂದರೆ ರಕ್ತನಾಳಗಳ ಚಿತ್ರ, ಆಗಲಿ ಅಂದರು. ಯಾರ ಮಾತು ಕೇಳಬೇಕು ಎಂಬುದು ನಿಮ್ಮ ಪ್ರಶ್ನೆ.

ಎರಡನೆಯವರ ಮಾತು ಕೇಳಿ. ಮುಖ ಮತ್ತು ದವಡೆಯ ಶಸ್ತ್ರಚಿಕಿತ್ಸೆಯೇ ನನ್ನ ವೃತ್ತಿ. ತರಬೇತಿಯಲ್ಲಿದ್ದಾಗ ಇಂಥದೇ ಒಂದು ಹಲ್ಲನ್ನು ಕಿತ್ತ ಕ್ಷಣ ಹುಡುಗನ ಬಾಯಿ ರಕ್ತದಿಂದ ತುಂಬಿ ಹೋದದ್ದನ್ನು ಕಣ್ಣಾರೆ ಕಂಡಿದ್ದೇನೆ. ಹಿರಿಯರು ಕಿತ್ತ ಹಲ್ಲನ್ನೇ ಮತ್ತೆ ಆ ಗುಳಿಗೆ ತುರುಕಿ, ಮೇಲೆ ಗಾಜ್ ಬಟ್ಟೆ ಇಟ್ಟು ಹೆಬ್ಬೆರಳಿನಿಂದ ಒತ್ತಿ ಹಿಡಿದರು. ಹುಡುಗ ಉಳಿದ. ಆ ಒತ್ತಿದ ಬೆರಳು ನನಗೆ ಇವತ್ತಿಗೂ ನೆನಪಿದೆ.

ಕೆಳದವಡೆಯ ಮೂಳೆಯೊಳಗೆ, ಹಲ್ಲಿನ ಬೇರುಗಳ ಕೆಳಗೆ, ಒಂದು ಅಪಧಮನಿ, ಅಂದರೆ ಹೃದಯದಿಂದ ರಕ್ತ ತರುವ ನಾಳ, ಹರಿಯುತ್ತದೆ. ಕೆಲವರಲ್ಲಿ ಅಪಧಮನಿಗಳು ನಡುವಿನ ಸಣ್ಣ ಲೋಮನಾಳಗಳಿಲ್ಲದೆ ನೇರವಾಗಿ ರಕ್ತವನ್ನು ಹೃದಯಕ್ಕೆ ಮರಳಿ ಒಯ್ಯುವ ಅಭಿಧಮನಿಗಳಿಗೆ ಕೂಡಿಕೊಂಡಿರುತ್ತವೆ. ಒತ್ತಡದ ರಕ್ತ ಅಲ್ಲಿ ನುಗ್ಗಿ ನುಗ್ಗಿ ಮೂಳೆಯನ್ನು ಸವೆಸುತ್ತದೆ. ಸರಿಯಾಗಿ ಹೇಳುವುದಾದರೆ ಇದು ಗಡ್ಡೆಯಲ್ಲ, ರಕ್ತನಾಳಗಳ ರಚನೆಯ ದೋಷ. ತೊಂದರೆ ಏನೆಂದರೆ ಎಕ್ಸ್-ರೇಯಲ್ಲಿ ಇದು ಗಡ್ಡೆಯ ಹಾಗೆಯೇ ಕಾಣಬಹುದು. ಸೋಪಿನ ಗುಳ್ಳೆಗಳಂಥ ಅದೇ ಚಿತ್ರ ಅಮೆಲೋಬ್ಲಾಸ್ಟೋಮಾ ಎಂಬ ದವಡೆಯ ಗಡ್ಡೆಯಲ್ಲೂ ಇರುತ್ತದೆ. ಆದ್ದರಿಂದಲೇ ನಾವು ಬಯಾಪ್ಸಿಗೆ, ಅಂದರೆ ಪರೀಕ್ಷೆಗೆ ಕಳಿಸುವ ತುಣುಕಿಗೆ, ಕತ್ತರಿಸುವ ಮೊದಲು ಸೂಜಿ ಹಾಕಿ ನೋಡುತ್ತೇವೆ. ಸಿರಿಂಜಿಗೆ ರಕ್ತ ತಾನಾಗಿ ನುಗ್ಗಿದರೆ ಚಾಕು ಕೆಳಗಿಡುತ್ತೇವೆ.

ರಕ್ತನಾಳದ ದೋಷವೇ ಆಗಿದ್ದರೆ ಮೊದಲ ಹೆಜ್ಜೆ ಎಂಬೋಲೈಸೇಶನ್. ಸಾಮಾನ್ಯವಾಗಿ ತೊಡೆಸಂದಿನ ಅಪಧಮನಿಯಿಂದ ತೆಳು ಕೊಳವೆಯನ್ನು ಕುತ್ತಿಗೆಯವರೆಗೆ ಒಯ್ದು, ದೋಷವಿರುವ ಜಾಗವನ್ನು ಅಂಟಿನಂಥ ದ್ರವದಿಂದಲೋ ಸುರುಳಿ ತಂತಿಯಿಂದಲೋ ಮುಚ್ಚುತ್ತಾರೆ. ಕೆಲವರಿಗೆ ಅಷ್ಟೇ ಸಾಕಾಗುತ್ತದೆ. ಶಸ್ತ್ರಚಿಕಿತ್ಸೆಯೂ ಬೇಕಾದರೆ ಸಾಮಾನ್ಯವಾಗಿ 1ರಿಂದ 3 ದಿನಗಳೊಳಗೆ ಮಾಡುತ್ತೇವೆ, ತಡವಾದಷ್ಟೂ ಅಕ್ಕಪಕ್ಕದ ನಾಳಗಳು ಹೊಸ ದಾರಿ ಮಾಡಿಕೊಳ್ಳುತ್ತವೆ. ಕುತ್ತಿಗೆಯ ದೊಡ್ಡ ನಾಳವನ್ನೇ ಕಟ್ಟಿಬಿಟ್ಟರೆ ಆಗದೇ ಎಂದು ಬಹಳ ಜನ ಕೇಳುತ್ತಾರೆ. ಆಗುವುದಿಲ್ಲ. ಇನ್ನೊಂದು ಕಡೆಯ ನಾಳಗಳಿಂದ ರಕ್ತ ಬಂದೇ ಬರುತ್ತದೆ, ಮುಂದೆ ಕೊಳವೆ ಹೋಗಬೇಕಾದ ದಾರಿಯೂ ಮುಚ್ಚಿಹೋಗುತ್ತದೆ.

ಅಮೆಲೋಬ್ಲಾಸ್ಟೋಮಾ ಎಂದು ಬಂದರೆ ಕಥೆ ಬೇರೆ. ಅದು ನಿಧಾನವಾಗಿ, ಹೆಚ್ಚಾಗಿ ನೋವಿಲ್ಲದೆ ಬೆಳೆಯುತ್ತದೆ. ಸಾಮಾನ್ಯವಾಗಿ ಕ್ಯಾನ್ಸರ್ ಅಲ್ಲ, ಆದರೆ ಬರೀ ಕೆರೆದು ತೆಗೆದರೆ ಮರಳಿ ಬರುವ ಸಾಧ್ಯತೆ ಹೆಚ್ಚು. ಗಡ್ಡೆ ದೊಡ್ಡದಿದ್ದರೆ ಸುತ್ತಲಿನ 1ರಿಂದ 2 ಸೆಂ.ಮೀ. ಒಳ್ಳೆಯ ಮೂಳೆಯನ್ನೂ ಸೇರಿಸಿ ತೆಗೆಯುತ್ತೇವೆ. ಖಾಲಿಯಾದ ಜಾಗಕ್ಕೆ ಮೊಣಕಾಲ ಕೆಳಗಿನ ತೆಳು ಮೂಳೆ, ಅಂದರೆ ಫಿಬುಲಾವನ್ನು, ಅದರ ರಕ್ತನಾಳದ ಸಮೇತ ತಂದು ದವಡೆಯ ಆಕಾರಕ್ಕೆ ಕೂಡಿಸಿ, ನಾಳವನ್ನು ಕುತ್ತಿಗೆಯ ನಾಳಕ್ಕೆ ಹೊಲಿಯುತ್ತೇವೆ. ದವಡೆಗೆ ಈ ವಿಧಾನ 1989ರಿಂದ ಬಳಕೆಗೆ ಬಂತು. ದೇಹದ ಭಾರವನ್ನು ಹೊರುವುದು ಪಕ್ಕದ ದಪ್ಪ ಮೂಳೆಯಾದ್ದರಿಂದ ಆಕೆ ಮತ್ತೆ ನಡೆಯುತ್ತಾಳೆ. ಕೆಳತುಟಿ ಮರಗಟ್ಟಿ ಉಳಿಯಬಹುದು, ಅದನ್ನು ಮೊದಲೇ ಹೇಳಿಬಿಡುವುದು ನ್ಯಾಯ. 10 ವರ್ಷದ ನಂತರವೂ ಗಡ್ಡೆ ಮರಳಿದ ಉದಾಹರಣೆಗಳಿವೆ, ತಪಾಸಣೆ ಬಿಡಬಾರದು.

ಎಂಬೋಲೈಸೇಶನ್ ಮಾಡುವವರು, ದವಡೆಯ ಸರ್ಜನ್, ರಕ್ತನಿಧಿ ಮೂರೂ ಒಂದೇ ಕಡೆ ಇರುವ ಆಸ್ಪತ್ರೆಗೇ ಹೋಗಿ. ಅಷ್ಟರಲ್ಲಿ ರಕ್ತ ಜೋರಾದರೆ ಕೂರಿಸಿ, ತಲೆ ಮುಂದಕ್ಕೆ ಬಾಗಿಸಿ, ಶುಚಿಯಾದ ಬಟ್ಟೆ ಮಡಚಿ ಆ ಜಾಗದ ಮೇಲಿಟ್ಟು ಗಟ್ಟಿಯಾಗಿ ಕಚ್ಚಿಸಿ, ನೇರವಾಗಿ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ. ನೋವಿಗೆಂದು ಆಸ್ಪಿರಿನ್, ಐಬುಪ್ರೊಫೆನ್ ನೀವಾಗಿಯೇ ಕೊಡಬೇಡಿ. ಆ ಹಲ್ಲನ್ನು ನಾಲಿಗೆಯಿಂದಲೂ ಅಲುಗಿಸಬೇಡ ಎಂದು ಅವಳಿಗೆ ಇವತ್ತೇ ಹೇಳಿ.