ಮಾಡಿಸ್ಕೊಳ್ಳಲಿಲ್ಲ ಅನ್ನೋ ಮಾತು ಬರಬಾರದ್ರಿ

ಬಾಗಲಕೋಟೆಯಲ್ಲಿ ನನ್ನ ಹತ್ತಿರ ಸಲಹೆ ಕೇಳಲು ಈಚೆಗೆ ಒಂದೇ ಥರದ ದಂಪತಿಗಳು ಮೇಲಿಂದ ಮೇಲೆ ಬರುತ್ತಿದ್ದಾರೆ. ಐವಿಎಫ್, ಅಂದರೆ ಲ್ಯಾಬಿನಲ್ಲಿ ಭ್ರೂಣ ಬೆಳೆಸಿ ಗರ್ಭಕೋಶಕ್ಕೆ ಬಿಡುವ ಚಿಕಿತ್ಸೆ, ಒಂದೆರಡು ಸಲ ಫೇಲಾಗಿರುತ್ತದೆ. ಮುಂದಿನ ಸಲಕ್ಕೆ ದೊಡ್ಡ ಊರಿನ ಆಸ್ಪತ್ರೆಯವರು ಹೊಸದೇನೋ ಸೇರಿಸಿ ಎಸ್ಟಿಮೇಟ್ ಕೊಟ್ಟಿರುತ್ತಾರೆ. ಅಂಥದ್ದೊಂದು ಪ್ರಕರಣ ಇದು. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ಮುಧೋಳ ಕಡೆಯವರು, ಕಬ್ಬು ಬೆಳೆಯುವ ಮನೆತನ. ಆಕೆಗೆ 34 ವರ್ಷ. ಎಎಂಎಚ್ (ಅಂಡಾಶಯದಲ್ಲಿ ಎಷ್ಟು ಅಂಡಾಣು ಉಳಿದಿವೆ ಅನ್ನೋ ಅಂದಾಜು ಕೊಡುವ ರಕ್ತಪರೀಕ್ಷೆ) ಕಡಿಮೆ. ಎಸ್ಟಿಮೇಟ್ ಹಾಳೆಯಲ್ಲಿ ಔಷಧಿ, ಲ್ಯಾಬ್, ಅರಿವಳಿಕೆ ಎಲ್ಲ ಪ್ರಿಂಟಾಗಿತ್ತು. ಕೆಳಗೆ ಪೆನ್ನಿನಲ್ಲಿ ಬರೆದ ಎರಡು ಸಾಲು: ಗರ್ಭಕೋಶದ ಒಳಪದರದ ಸ್ಕ್ರ್ಯಾಚಿಂಗ್, ಅಂಡಾಶಯಕ್ಕೆ ಪಿಆರ್‌ಪಿ. ಸ್ಕ್ರ್ಯಾಚಿಂಗ್ ಅಂದರೆ ಒಳಪದರವನ್ನು ಸ್ವಲ್ಪ ಕೆರೆಯುವುದು. ಪಿಆರ್‌ಪಿ ಅಂದರೆ ಆಕೆಯದೇ ರಕ್ತ ತೆಗೆದು, ಮಷೀನಿನಲ್ಲಿ ತಿರುಗಿಸಿ, ಪ್ಲೇಟ್‌ಲೆಟ್ ಜಾಸ್ತಿ ಇರುವ ಭಾಗವನ್ನು ಸೂಜಿಯಿಂದ ಅಂಡಾಶಯದೊಳಗೆ ಬಿಡುವುದು.

"ನಷ್ಟ ಏನಿಲ್ಲ ಅಂದಾರ್ರಿ ಡಾಕ್ಟ್ರು. ನಿಮ್ಮದ ರಕ್ತ ಅಲ್ಲೇನು ಅಂದ್ರು," ಅಂದರು ಗಂಡ.

ನಾನು ಆಕೆಯನ್ನು ಕೇಳಿದೆ, "ಇದರಿಂದ ಮಗು ಆಗ್ತದೆ ಅಂತ ನಿಮಗೆ ಅನ್ನಿಸ್ತದಾ?"

ಆಕೆ ಪೆನ್ನಿನ ಸಾಲಿನ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಇಲ್ರಿ ಮೇಡಂ. ಆಗಲಿಲ್ಲ ಅಂದ್ರ ಹೋಗ್ಲಿ ಬಿಡ್ರಿ. ಆದ್ರ ನಾಳೆ ನಮ್ಮತ್ತಿ, ಡಾಕ್ಟ್ರು ಹೇಳಿದ್ರೂ ಮಾಡಿಸ್ಕೊಳ್ಳಲಿಲ್ಲ ಅನ್ನಬಾರದ್ರಿ."

ಗಂಡ ತಿರುಗಿ ಆಕೆಯ ಮುಖ ನೋಡಿದರು. ಈ ಮಾತು ಅವರಿಗೂ ಹೊಸದು.

ಅಲ್ಲಿಗೆ ವಿಷಯ ಬಯಲಾಯಿತು. ಅತ್ತೆಯ ಬಾಯಿ ಮುಚ್ಚಿಸಲು ಆಕೆ ಸೂಜಿಗೆ ಮೈಯೊಡ್ಡಲು ತಯಾರಾಗಿದ್ದರು, ಅದೂ ಸಾಲ ಮಾಡಿ. ಇಂಥ ಮನಸ್ಸಿನವರಿಗೆ "ಟ್ರೈ ಮಾಡಿ ನೋಡಿ" ಅನ್ನೋದು ಎಷ್ಟು ಸುಲಭ ನೋಡಿ.

ಸ್ಕ್ರ್ಯಾಚಿಂಗ್ ಕಥೆ ಅವರಿಗೆ ಹೇಳಿದೆ. 2003ರಲ್ಲಿ ಇಸ್ರೇಲಿನ ಒಂದು ಸಣ್ಣ ಅಧ್ಯಯನದಲ್ಲಿ, ಒಳಪದರ ಕೆರೆದರೆ ಗರ್ಭ ನಿಲ್ಲುವುದು ಸುಮಾರು ಎರಡು ಪಟ್ಟಾಗುತ್ತದೆ ಅಂತ ಕಂಡಿತು. ಎಷ್ಟೋ ದೇಶಗಳಲ್ಲಿ ಶುರು ಹಚ್ಚಿಕೊಂಡರು. 2019ರಲ್ಲಿ ಐದು ದೇಶಗಳ 1364 ಮಹಿಳೆಯರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ ನೋಡಿದಾಗ, ಕೆರೆಸಿಕೊಂಡವರಲ್ಲೂ ಕೆರೆಸಿಕೊಳ್ಳದವರಲ್ಲೂ ಮಗು ಹುಟ್ಟಿದ್ದು ನೂರಕ್ಕೆ 26 ಜನರಿಗೆ. ನಡುವಿನ ಅಷ್ಟೂ ವರ್ಷ ಹೆಂಗಸರು ನೋವು ತಿಂದದ್ದು ಸುಮ್ನೆ. ಅಂಡಾಶಯದ ಪಿಆರ್‌ಪಿಯಿಂದ ಹೆಚ್ಚು ಮಕ್ಕಳು ಹುಟ್ಟುತ್ತವೆ ಅನ್ನಲು ಇನ್ನೂ ಗಟ್ಟಿ ಪುರಾವೆ ಇಲ್ಲ. ರಕ್ತ ನಮ್ಮದೇ ಇರಬಹುದು, ಸೂಜಿ ಚುಚ್ಚಿದರೆ ರಕ್ತಸ್ರಾವದ, ಸೋಂಕಿನ ಭಯ ಇದ್ದೇ ಇರುತ್ತದೆ.

ನನ್ನ ಸಲಹೆ ಇಷ್ಟೇ. ಪೆನ್ನಿನ ಎರಡೂ ಸಾಲಿಗೆ ಈಗ ಸಹಿ ಹಾಕಬೇಡಿ. ನಿಮ್ಮ ವಯಸ್ಸಿನವರಲ್ಲಿ ಇದನ್ನು ಮಾಡಿಸಿಕೊಂಡು ಎಷ್ಟು ಜನಕ್ಕೆ ಮಗು ಹುಟ್ಟಿದೆ, ಮಾಡಿಸಿಕೊಳ್ಳದೆ ಎಷ್ಟು ಜನಕ್ಕೆ, ಬರೆದು ಕೊಡಿ ಅಂತ ಕೇಳಿ. ಗರ್ಭ ನಿಂತ ಲೆಕ್ಕ ಬೇಡ, ಮಗು ಹುಟ್ಟಿದ ಲೆಕ್ಕ ಬೇಕು. ಪ್ರಯೋಗ ಅಂತ ಮಾಡುವುದಾದರೆ, ಇಂಥ ಪ್ರಯೋಗಗಳನ್ನು ಪರಿಶೀಲಿಸುವ ನೈತಿಕ ಸಮಿತಿಯ ಒಪ್ಪಿಗೆ ತೋರಿಸಲಿ, ಅದರ ಖರ್ಚನ್ನು ನಿಮ್ಮಿಂದ ತಗೊಳ್ಳಬಾರದು. ಇನ್ನೊಂದು ಮಾತನ್ನು ಗಂಡನಿಗೇ ಹೇಳಿದೆ: ನಿಮ್ಮ ಅವ್ವನ ಹತ್ತಿರ ನೀವೇ ಮಾತಾಡಿ, "ಬೇಡ ಅಂದದ್ದು ನಾನು, ನಿನ್ನ ಸೊಸೆ ಅಲ್ಲ" ಅಂತ ಹೇಳಿ.

ನೀವೇನು ಡಾಕ್ಟರಾ ಅಂತ ನನ್ನನ್ನು ಕೇಳುವವರಿದ್ದಾರೆ. ಅಲ್ಲ. ಆದರೆ ಐವಿಎಫ್‌ನಂಥ ಚಿಕಿತ್ಸೆಗಳಿಗಾಗಿ ಇರುವ 2021ರ ಎಆರ್‌ಟಿ ಕಾಯ್ದೆಯೇ ಯಶಸ್ಸಿನ ಸಾಧ್ಯತೆ, ಅಡ್ಡಪರಿಣಾಮ, ಖರ್ಚು ತಿಳಿಸಬೇಕು, ಆಪ್ತಸಲಹೆ ಕೊಡಬೇಕು ಅಂತ ಕ್ಲಿನಿಕ್ಕಿಗೆ ಹೇಳುತ್ತದೆ. ಅದೇ ಲೆಕ್ಕವನ್ನು ಕೇಳಿ ಅಂದೆ. ಆಸೆ ಕಸಿದುಕೊಂಡೆ ಅಂತಲೂ ಕೆಲವರು ಅಂದರು. ಮಾಮೂಲಿ ಐವಿಎಫ್ ಬಿಡಿ ಅಂತ ನಾನು ಹೇಳಲೇ ಇಲ್ಲವಲ್ಲ.

ಆಸ್ಪತ್ರೆಯವರು ಲೆಕ್ಕ ಬರೆದು ಕೊಡಲಿಲ್ಲ. ಎರಡೂ ಸಾಲು ಹೊಡೆದು ಹಾಕಿ ಹೊಸ ಹಾಳೆ ಕೊಟ್ಟರಂತೆ. ಗಂಡ ಅವ್ವನಿಗೆ ಹೇಳಿದ್ದಾರೆ. ಆಕೆ ಮಗನ ಜೊತೆ ಮಾತು ಬಿಟ್ಟಿದ್ದಾರೆ, ಸೊಸೆಯ ಜೊತೆ ಬಿಟ್ಟಿಲ್ಲ. ಮೂರನೇ ಸಲ ಐವಿಎಫ್ ಮಾಡಿಸೋದಾ ಬೇಡವಾ ಅನ್ನೋದು ಕಬ್ಬಿನ ಬಿಲ್ಲು ಬಂದ ಮೇಲೆ.