‘ಸ್ಟಿಲ್ ಅಲೈವ್’ ಬರಿಯ ತಮಾಷೆಯೇ?

2007ರ ‘ಪೋರ್ಟಲ್’ ಎಂಬ ವಿಡಿಯೋ ಗೇಮ್‌ನ ಕೊನೆಯ ಹಾಡು ‘ಸ್ಟಿಲ್ ಅಲೈವ್’ ಬರಿಯ ತಮಾಷೆಯಾಗಿರುವಾಗ ವಿಮರ್ಶಕರು ಅದನ್ನು ಅಷ್ಟೊಂದು ಮೆಚ್ಚಿದ್ದೇಕೆ ಎಂದು ಕೇಳಿದ್ದೀರಿ. ತಮಾಷೆ ಹೌದು, ಆದರೆ ಆಟಗಾರರಾದ ನಮ್ಮನ್ನು ಬೆಂಕಿಗೆ ತಳ್ಳಲು ಹೊರಟಿದ್ದ, ಈಗಷ್ಟೇ ನಾಶವಾಯಿತೆಂದು ನಾವು ನಂಬಿದ್ದ ಗ್ಲಾಡೋಸ್ ಎಂಬ ಯಂತ್ರವೇ, ಪ್ರಯೋಗಾಲಯದ ವರದಿ ಒಪ್ಪಿಸುವ ಧಾಟಿಯಲ್ಲಿ, ತನಗೇನೂ ಕೋಪವಿಲ್ಲವೆಂದು ಹಾಡುತ್ತದೆ. ಜೊನಾಥನ್ ಕೌಲ್ಟನ್ ರಚಿಸಿದ ಸಾಲುಗಳು ಹಳೆಯ ಕಂಪ್ಯೂಟರ್ ಪರದೆಯ ಮೇಲಿನಂತೆ ಅಕ್ಷರ ಅಕ್ಷರವಾಗಿ ಮೂಡುತ್ತಿರುವಾಗ, ಒಪೆರಾ ಗಾಯಕಿಯೂ ಆದ ಎಲೆನ್ ಮೆಕ್‌ಲೇನ್ ಅವರ ದನಿ, ಯಾಂತ್ರಿಕವಾಗಿ ತಿದ್ದಿದ್ದರೂ, ಆ ಹುಸಿ ಸಮಾಧಾನದ ಹಿಂದಿನ ಮುನಿಸನ್ನು ಬಿಟ್ಟುಕೊಡುತ್ತದೆ. ಕಥೆಯ ಕೊನೆಯ ತಿರುವು ಇರುವುದೇ ಹಾಡಿನೊಳಗೆ. ಕೊನೆಯಲ್ಲಿ ಆಟ ತಯಾರಿಸಿದವರ ಹೆಸರುಗಳ ಪಟ್ಟಿ ಬಂದೊಡನೆ ಎದ್ದುಹೋಗುವವರಿಗೆ ಅದು ದಕ್ಕುವುದಿಲ್ಲ. ಪರೀಕ್ಷೆಗಳನ್ನು ಮುಗಿಸಿದರೆ ಕೇಕ್ ಸಿಗುತ್ತದೆಂದು ಗ್ಲಾಡೋಸ್ ಆಟದಲ್ಲಿ ಆಸೆ ತೋರಿಸುತ್ತದೆ; ಆ ಕೇಕಿನ ಹಾಸ್ಯವನ್ನು ಮುಂದೆ ಅಭಿಮಾನಿಗಳು ಹೇಳಿ ಹೇಳಿ ಸವೆಸಿದ್ದು ಹಾಡಿನ ದೋಷವಲ್ಲ.